ಇಜಿಆರ್ ತೊಂದರೆ: ವಾಲ್ವ್ ಬದಲಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಇಜಿಆರ್ ಎಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್, ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಒಂದು ವಾಲ್ವ್ ಮೂಲಕ ಎಂಜಿನ್ನಿಗೆ ಮರಳಿ ಕಳಿಸುವ ವ್ಯವಸ್ಥೆ. ಡೀಸೆಲ್ ಕಾರು ಇಟ್ಟುಕೊಂಡವರಿಗೆ, ಅದರಲ್ಲೂ ಬಿಎಸ್4 (ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮ) ಕಾಲದ ಗಾಡಿಯವರಿಗೆ ಇದನ್ನು ಬರೆದಿದ್ದೇನೆ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾಗಳಲ್ಲಿ ಬಂದ 1.3 ಲೀಟರಿನ ಫಿಯಟ್ ಎಂಜಿನ್ನನ್ನು ಲೆಕ್ಕ ಹೇಳುವಾಗ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಬೇರೆ ಎಂಜಿನ್ ಆದರೂ ಪರೀಕ್ಷೆಯ ಕ್ರಮ ಹೆಚ್ಚುಕಡಿಮೆ ಇದೇ. ಪೆಟ್ರೋಲ್ ಕಾರಿನವರಿಗೂ ಕೊನೆಯ ಹೊತ್ತಿಗೆ ಒಂದೆರಡು ಮಾತುಗಳಿವೆ.

ಇಜಿಆರ್ ಏನು ಮಾಡುತ್ತದೆ? ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕುಡಿಸುವುದರಿಂದ ಏನು ಲಾಭ?

ಎಂಜಿನ್ನಿಗೆ ಲಾಭವೇನಿಲ್ಲ, ಉಸಿರಾಡುವ ನಮಗೆ ಲಾಭ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಸಾಮಾನ್ಯವಾಗಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನೊಳಗಿನ ತಾಪ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆಮ್ಲಜನಕದ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗತೊಡಗುತ್ತದೆ. ತಾಪ ಏರಿದಂತೆ ಅದರ ಪ್ರಮಾಣವೂ ಭರಭರನೆ ಏರುತ್ತದೆ. ಸುಟ್ಟ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅದರಲ್ಲಿ ಒಂದಿಷ್ಟನ್ನು ಹೊಸ ಗಾಳಿಗೆ ಬೆರೆಸಿದರೆ ಉರಿ ನಿಧಾನವಾಗಿ, ತಣ್ಣಗೆ ಆಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಅಲ್ಪ ಪ್ರಮಾಣ. ಡೀಸೆಲ್ಲಿನಲ್ಲಿ ಹಗುರ ಲೋಡಿನಲ್ಲಿ ಒಳಹೋಗುವ ಗಾಳಿಯ ಅರ್ಧದ ತನಕ ಸುಟ್ಟ ಗಾಳಿಯೇ ಇರಬಹುದು.

ನಮ್ಮಲ್ಲಿ ಡೀಸೆಲ್ ಕಾರುಗಳಿಗೆ ಬಿಎಸ್3ರಲ್ಲಿ ಕಿಲೋಮೀಟರಿಗೆ 0.50 ಗ್ರಾಂ ನೈಟ್ರೋಜನ್ ಆಕ್ಸೈಡಿಗೆ ಅವಕಾಶವಿತ್ತು. ಬಿಎಸ್4ರಲ್ಲಿ ಅದು 0.25 ಆಯಿತು, 2020ರ ಏಪ್ರಿಲ್ 1ರಿಂದ ಬಂದ ಬಿಎಸ್6ರಲ್ಲಿ 0.08. ಇಜಿಆರ್ ಇಲ್ಲದೆ ಈ ಗಡಿಯೊಳಗೆ ಬರುವುದು ಕಂಪನಿಗಳಿಗೆ ಆಗುವ ಮಾತಲ್ಲ.

ಇಜಿಆರ್ ಕೆಟ್ಟಿದೆ ಎಂದು ಓಡಿಸುವವರಿಗೆ ಹೇಗೆ ಗೊತ್ತಾಗುತ್ತದೆ?

ವಾಲ್ವ್ ಯಾವ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂಬುದರ ಮೇಲೆ ಹೋಗುತ್ತದೆ. ತೆರೆದೇ ಉಳಿದಿದ್ದರೆ ಚೆನ್ನಾಗಿ ಗೊತ್ತಾಗುತ್ತದೆ: ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ, ಕೆಲವೊಮ್ಮೆ ಸಿಗ್ನಲ್ಲಿನಲ್ಲಿ ನಿಂತೇ ಹೋಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಲಾರಿ ಹಿಂದೆ ಸಿಕ್ಕಿಬಿದ್ದು ಮತ್ತೆ ವೇಗ ತೆಗೆದುಕೊಳ್ಳಬೇಕಾದಾಗ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಎಂಜಿನ್ ಲೈಟ್ ಹೊತ್ತಿ ಗಾಡಿ ಲಿಂಪ್ ಮೋಡಿಗೆ ಹೋಗಬಹುದು. ಆಗ ಎಷ್ಟು ಒತ್ತಿದರೂ ಒಂದು ಮಿತಿಗಿಂತ ಮೇಲೆ ಏರುವುದಿಲ್ಲ.

ಮುಚ್ಚಿಯೇ ಉಳಿದಿದ್ದರೆ ಲೈಟ್ ಬಿಟ್ಟು ಬೇರೇನೂ ತಿಳಿಯದೇ ಇರಬಹುದು. ಎಂಜಿನ್ನಿನ ಟಕಟಕ ಸ್ವಲ್ಪ ಜೋರಾಗುತ್ತದೆ, ಅಷ್ಟೆ. "ಲೈಟ್ ಮಾತ್ರ ಬಂದಿದೆ, ಗಾಡಿ ಬೊಂಬಾಟಾಗಿದೆ" ಎನ್ನುವವರಲ್ಲಿ ಹಲವರ ಕಥೆ ಇದೇ.

ಸ್ಕ್ಯಾನರಿನಲ್ಲಿ ಪಿ0401 ಎಂಬ ದೋಷದ ಕೋಡ್ ಬಂತು. ಮೆಕ್ಯಾನಿಕ್ ವಾಲ್ವ್ ಬದಲಿಸಬೇಕು ಅಂತಿದ್ದಾರೆ. ಹಾಕಿಸಿಬಿಡಲೇ?

ತಡೆಯಿರಿ. ಈ ಪುಟ ಬರೆದದ್ದೇ ಈ ಒಂದು ಪ್ರಶ್ನೆಗಾಗಿ ಎಂದರೂ ನಡೆಯುತ್ತದೆ.

ಪಿ0401 ಹೇಳುವುದು "ಇಜಿಆರ್ ಹರಿವು ಸಾಲದು" ಎಂದು. ವಾಲ್ವ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಹರಿವು ಸಾಲದು ಎಂದು ಎಂಜಿನ್ನಿನ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ ಎಂಬುದರಲ್ಲೇ ಇದರ ಗುಟ್ಟಿದೆ. ಹೆಚ್ಚಿನ ಡೀಸೆಲ್ ಕಾರುಗಳಲ್ಲಿ ಇಜಿಆರ್ ಪೈಪಿನೊಳಗೆ ಹರಿವು ಅಳೆಯುವ ಸಾಧನವೇ ಇಲ್ಲ. ಏರ್ ಫಿಲ್ಟರ್ ದಾಟಿದ ಕೂಡಲೇ ಇರುವ ಏರ್‌ಫ್ಲೋ ಸೆನ್ಸರ್ ಎಷ್ಟು ಹೊಸ ಗಾಳಿ ಬಂತು ಎಂದು ಹೇಳುತ್ತದೆ. ಸಿಲಿಂಡರುಗಳು ಒಟ್ಟು ಎಷ್ಟು ಗಾಳಿ ಎಳೆಯುತ್ತವೆ ಎಂಬ ಲೆಕ್ಕ ಕಂಪ್ಯೂಟರಿನ ಬಳಿ ಇದೆ. ಒಟ್ಟಿನಲ್ಲಿ ಹೊಸ ಗಾಳಿ ಕಳೆದರೆ ಉಳಿದದ್ದು ಇಜಿಆರ್. ಅಂದರೆ ಹೊಸ ಗಾಳಿಯ ಲೆಕ್ಕ ತಪ್ಪಿದರೆ ಇಜಿಆರ್ ಲೆಕ್ಕವೂ ತಪ್ಪುತ್ತದೆ, ವಾಲ್ವ್ ಹೊಚ್ಚಹೊಸದಾದರೂ ಸರಿ.

ಟರ್ಬೋದಿಂದ ಇಂಟರ್‌ಕೂಲರಿಗೆ (ಟರ್ಬೋ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಹೋಸ್ ಸೀಳಿದೆ ಎಂದಿಟ್ಟುಕೊಳ್ಳಿ. ಸೆನ್ಸರ್ ಎಣಿಸಿದ ಗಾಳಿಯಲ್ಲಿ ಒಂದು ಪಾಲು ಹೊರಗೆ ಸೋರಿಹೋಗುತ್ತದೆ. ಕಂಪ್ಯೂಟರಿಗೆ ಅದು ಗೊತ್ತಿಲ್ಲ. "ಹೊಸ ಗಾಳಿ ಜಾಸ್ತಿ ಬರುತ್ತಿದೆ, ಹಾಗಾದರೆ ಇಜಿಆರ್ ಕಡಿಮೆ" ಎಂದುಕೊಂಡು ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಹೊಗೆ ಹೆಚ್ಚುತ್ತದೆ, ಕೊನೆಗೆ ಪಿ0401 ಬೀಳುತ್ತದೆ. ಇನ್ನೊಂದು ಕಡೆ, ಏರ್‌ಫ್ಲೋ ಸೆನ್ಸರಿಗೆ ಧೂಳು ಕೂತು ಕಡಿಮೆ ತೋರಿಸುತ್ತಿದ್ದರೆ ಕಥೆ ತಿರುಗುಮುರುಗು: "ಇಜಿಆರ್ ಜಾಸ್ತಿಯಾಯಿತು" ಎಂದು ವಾಲ್ವ್ ಮುಚ್ಚಿ, ಡೀಸೆಲ್ಲನ್ನೂ ಕಡಿತ ಮಾಡುತ್ತದೆ. ಪಿಕಪ್ ಸತ್ತುಹೋಗುತ್ತದೆ, ಪಿ0402 ಬರಬಹುದು.

ವಾಲ್ವಿಗೆ ದುಡ್ಡು ಸುರಿದ ಮೇಲೆ ಮರುವಾರ ಅದೇ ಲೈಟ್ ಹೊತ್ತುವುದು ಹೀಗೆ.

ಇಜಿಆರ್‌ಗೆ ಸಂಬಂಧಿಸಿದ ಕೋಡುಗಳು ಯಾವುವು?

ಪಿ0400 ಎಂದರೆ ಹರಿವಿನಲ್ಲಿ ದೋಷ, ಪಿ0401 ಸಾಲದು, ಪಿ0402 ಅತಿಯಾಯಿತು. ಈ ಮೂರೂ ಮೇಲೆ ಹೇಳಿದ ಲೆಕ್ಕದಿಂದ ಬರುವಂಥವು. ಪಿ0403 ವಾಲ್ವ್ ಓಡಿಸುವ ವೈರಿಂಗಿನ ದೋಷ. ಪಿ0404 ಬಂದರೆ ವಾಲ್ವಿನ ಮೇಲೆ ಸಂಶಯಪಡಲು ನಿಜವಾಗಿಯೂ ಕಾರಣವಿದೆ, ಏಕೆಂದರೆ ಹೇಳಿದಷ್ಟು ತೆರೆದಿಲ್ಲ ಅಥವಾ ಮುಚ್ಚಿಲ್ಲ ಎಂದರ್ಥ. ಪಿ0405, ಪಿ0406 ವಾಲ್ವ್ ಎಷ್ಟು ತೆರೆದಿದೆ ಎಂದು ತಿಳಿಸುವ ಪೊಸಿಷನ್ ಸೆನ್ಸರಿನ ವೋಲ್ಟೇಜ್ ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಇರುವಾಗ ಬರುತ್ತವೆ. ಇಜಿಆರ್ ಹೊಗೆಯನ್ನು ತಣಿಸಬೇಕಾದ ಕೂಲರ್ ಸರಿಯಾಗಿ ತಣಿಸುತ್ತಿಲ್ಲ ಎಂಬುದಕ್ಕೆ ಪಿ2457.

ಕೋಡ್ ಅಳಿಸುವ ಮೊದಲು ಫ್ರೀಝ್ ಫ್ರೇಮ್ ಬರೆದಿಟ್ಟುಕೊಳ್ಳಿ. ಲೈಟ್ ಹೊತ್ತಿದ ಕ್ಷಣದಲ್ಲಿ ಎಂಜಿನ್ ವೇಗ, ಲೋಡ್, ಕೂಲೆಂಟ್ ತಾಪ ಎಷ್ಟಿತ್ತು ಎಂಬುದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದೇ? ಏನೇನು ಬೇಕು?

ಧಾರಾಳವಾಗಿ. ಫೋನಿಗೆ ಬ್ಲೂಟೂತ್‌ನಲ್ಲಿ ಕೂಡುವ ಅಗ್ಗದ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಕೋಡ್ ಓದುವ ಸಾಧನ), ಒಂದು ಮಲ್ಟಿಮೀಟರ್, ಟಾರ್ಚು. ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಸ್ಟೀರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿ ಇರುತ್ತದೆ. ವಾಲ್ವನ್ನು ತಾನೇ ಓಡಿಸಿ ನೋಡುವ ಪರೀಕ್ಷೆಗೆ ಮಾತ್ರ ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕಾಗಬಹುದು.

ಎಂಜಿನ್ ನಿಲ್ಲಿಸಿ ಆರಿದ ಮೇಲೆ ಮೊದಲು ಕಣ್ಣಿನಿಂದ ನೋಡಿ. ಇಜಿಆರ್ ಪೈಪಿನ ಜಾಯಿಂಟುಗಳ ಸುತ್ತ ಕಪ್ಪು ಮಸಿಯ ಗುರುತಿದ್ದರೆ ಪ್ಯಾಕಿಂಗ್ ಹೋಗಿದೆ. ಟರ್ಬೋ ಹೋಸುಗಳನ್ನು ಕೈಯಲ್ಲಿ ಹಿಸುಕಿ, ತಿರುಚಿ ನೋಡಿ. ಸೀಳು ಹೆಚ್ಚಾಗಿ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲಿ ಅಡಗಿರುತ್ತದೆ, ಅಲ್ಲಿ ಎಣ್ಣೆಯ ಪಸೆಯೂ ಇರುತ್ತದೆ. ಟರ್ಬೋ ಹೋಸಿನಲ್ಲಿ ಸಣ್ಣಗೆ ಎಣ್ಣೆ ಇರುವುದು ಸಹಜ, ಹೊರಗೆ ಒಸರುವುದು ಸಹಜವಲ್ಲ. ಕಪ್ಲರುಗಳನ್ನು ಬಿಚ್ಚಿ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಕರಾವಳಿಯ ಗಾಡಿಗಳಲ್ಲಿ ಇದನ್ನು ಮರೆಯಲೇಬಾರದು. ಇಲಿ ಕಡಿದ ವೈರಿಗೂ ಇಜಿಆರ್ ಕೋಡ್ ಬರುತ್ತದೆ.

ಇಜಿಆರ್ ನಿಜವಾಗಿ ಹರಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಏರ್‌ಫ್ಲೋ ಸೆನ್ಸರಿನ ಲೈವ್ ಡೇಟಾ ತೆರೆಯಿರಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಆಫ್ ಇರಲಿ. ಒಮ್ಮೆ ರೇಸ್ ಮಾಡಿ ಬಿಡಿ. ಐಡ್ಲಿಂಗಿಗೆ ಮರಳಿದ ಕೆಲವು ಕ್ಷಣಗಳಲ್ಲಿ ಇಜಿಆರ್ ತೆರೆಯುತ್ತದೆ, ಗಾಳಿಯ ಅಂಕಿ ಎದ್ದು ಕಾಣುವಂತೆ ಇಳಿಯುತ್ತದೆ. ಸುಮ್ಮನೆ ಐಡ್ಲಿಂಗಿನಲ್ಲೇ ಬಿಟ್ಟರೆ ಹಲವು ಕಾರುಗಳಲ್ಲಿ ಕೆಲವು ನಿಮಿಷಗಳ ಬಳಿಕ ಮಸಿ ಕೂರದಿರಲೆಂದು ಕಂಪ್ಯೂಟರೇ ಇಜಿಆರ್ ಮುಚ್ಚುತ್ತದೆ, ಅಂಕಿ ಮತ್ತೆ ಏರುತ್ತದೆ. ಇದನ್ನು ತಿಳಿಯದೆ ಅರ್ಧ ಗಂಟೆ ಐಡ್ಲಿಂಗಿನಲ್ಲಿಟ್ಟು ಪರೀಕ್ಷಿಸಿ "ಇಜಿಆರ್ ತೆರೆಯುತ್ತಲೇ ಇಲ್ಲ" ಎಂದು ತೀರ್ಪು ಕೊಡುವವರಿದ್ದಾರೆ. ಎಂಜಿನ್ ತಣ್ಣಗಿರುವಾಗ, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸಹ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ.

ಎಷ್ಟು ಇಳಿಯಬೇಕು? 1.3 ಎಂಜಿನ್ನಿನ ಲೆಕ್ಕ ಹಾಕೋಣ. 1248 ಸಿಸಿ, ನಾಲ್ಕು ಸಿಲಿಂಡರ್, ಒಂದಕ್ಕೆ 312 ಸಿಸಿ. ಸಮುದ್ರಮಟ್ಟದಲ್ಲಿ 30 ಡಿಗ್ರಿಯಲ್ಲಿ ಲೀಟರ್ ಗಾಳಿಗೆ ಸುಮಾರು 1.16 ಗ್ರಾಂ ತೂಕ, ಅಂದರೆ ಸಿಲಿಂಡರ್ ಪೂರ್ತಿ ತುಂಬಿದರೆ 360 ಮಿಲಿಗ್ರಾಂ. ಪೂರ್ತಿ ತುಂಬುವುದಿಲ್ಲ, ಮೇಲಾಗಿ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳು. ಹಾಗಾಗಿ ಇಜಿಆರ್ ಮುಚ್ಚಿದಾಗ ಬೆಂಗಳೂರಿನಲ್ಲಿ ಒಂದು ಎಳೆತಕ್ಕೆ 300 ಮಿಲಿಗ್ರಾಂ ಆಸುಪಾಸು, ಮಂಗಳೂರಿನಲ್ಲಿ ಅದಕ್ಕಿಂತ ತುಸು ಹೆಚ್ಚು. ನಿಮ್ಮ ಸ್ಕ್ಯಾನರ್ ಸೆಕೆಂಡಿಗೆ ಗ್ರಾಂ ಲೆಕ್ಕದಲ್ಲಿ ತೋರಿಸಿದರೆ, 850 ಆರ್‌ಪಿಎಮ್‌ನಲ್ಲಿ ಅದು ಎಂಟೂವರೆ ಗ್ರಾಂ ಸುತ್ತಮುತ್ತ. ಇಜಿಆರ್ ತೆರೆದಾಗ ಇದು ಕಾಲುಭಾಗದಿಂದ ಅರ್ಧದ ತನಕ ಇಳಿಯುವುದು ಸಾಮಾನ್ಯ. ನಿಖರ ಅಂಕಿಗಿಂತ ಈ ಏರಿಳಿತ ಮುಖ್ಯ.

ಈಗ ತೀರ್ಮಾನಕ್ಕೆ ಬರಬಹುದು. ವಾಲ್ವ್ ತೆರೆದಂತೆ ಸ್ಕ್ಯಾನರಿನಲ್ಲಿ ಕಾಣುತ್ತದೆ, ಗಾಳಿಯ ಅಂಕಿ ಕದಲುವುದಿಲ್ಲ ಎಂದರೆ ದಾರಿ ಕಟ್ಟಿದೆ: ಪೈಪಿನಲ್ಲೋ ಕೂಲರಿನಲ್ಲೋ ಮಸಿ ತುಂಬಿದೆ, ಇಲ್ಲವೇ ಹಿಂದಿನ ಮಾಲೀಕರು ಯಾರೋ ತಗಡು ಹಾಕಿಸಿ ಮುಚ್ಚಿದ್ದಾರೆ. ಮುಚ್ಚಿದಾಗಲೂ ಅಂಕಿ 200ರಲ್ಲೇ ನಿಂತಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಥವಾ ಏರ್‌ಫ್ಲೋ ಸೆನ್ಸರ್ ಸುಳ್ಳು ಹೇಳುತ್ತಿದೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಇಜಿಆರ್ ಪೈಪಿಗೆ ತಾತ್ಕಾಲಿಕವಾಗಿ ತಗಡು ಅಡ್ಡ ಇಟ್ಟು ಮತ್ತೆ ನೋಡಿ. ಅಂಕಿ ಏರಿ ಸರಿಹೋದರೆ ವಾಲ್ವಿನದೇ ತಪ್ಪು. ಆಗಲೂ ಏರದಿದ್ದರೆ ಸೆನ್ಸರ್ ಕಡೆ ನೋಡಿ. ಏರ್ ಫಿಲ್ಟರ್ ಕಟ್ಟಿದೆಯೇ ಎಂಬುದನ್ನೂ ಜೊತೆಗೇ ನೋಡಿ. ಪರೀಕ್ಷೆ ಮುಗಿದ ಮೇಲೆ ಆ ತಗಡನ್ನು ತೆಗೆಯಲು ಮರೆಯಬೇಡಿ.

ಸ್ಕ್ಯಾನರಿನಲ್ಲಿ "ಇಜಿಆರ್ ಎರರ್" 99.2 ತೋರಿಸುತ್ತಿದೆ. ಗಾಬರಿ ಬೀಳಬೇಕೇ?

ಒಮ್ಮೊಮ್ಮೆ ಮಿನುಗಿ ಹೋದರೆ ಬೇಡ. ಹೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಹೇಳಿದ್ದರಿಂದ ಭಾಗಿಸಿ ಬರುವ ಅಂಕಿ ಅದು. "ಪೂರ್ತಿ ಮುಚ್ಚು" ಎಂದಾಗ, ಅಂದರೆ ಆದೇಶ ಸೊನ್ನೆ ಇದ್ದಾಗ, ವಾಲ್ವ್ ಕೂದಲೆಳೆಯಷ್ಟು ತೆರೆದಿದ್ದರೂ ಭಾಗಾಕಾರ ಕೆಟ್ಟು ಗರಿಷ್ಠ ಅಂಕಿಯಾದ 99.2 ಬಂದು ಕೂರುತ್ತದೆ. ಮುಚ್ಚು ಎಂದ ಮೇಲೂ ಅದೇ ಅಂಕಿ ನಿಂತೇ ಇದ್ದರೆ ವಾಲ್ವಿನ ಸೀಟಿನಲ್ಲಿ ಮಸಿಯ ಗಟ್ಟಿ ಸಿಕ್ಕಿರಬಹುದು.

ವಾಲ್ವನ್ನೇ ಮಲ್ಟಿಮೀಟರಿನಲ್ಲಿ ಪರೀಕ್ಷಿಸುವುದು ಹೇಗೆ?

ಎಲೆಕ್ಟ್ರಿಕ್ ವಾಲ್ವಿನಲ್ಲಿ ಸಾಮಾನ್ಯವಾಗಿ ಐದು ಪಿನ್. ಎರಡು ಮೋಟಾರಿನವು, ಮೂರು ಪೊಸಿಷನ್ ಸೆನ್ಸರಿನವು. ಯಾವ ಪಿನ್ ಯಾವುದು ಎಂಬುದು ಕಾರಿನಿಂದ ಕಾರಿಗೆ ಬದಲಾಗುವುದರಿಂದ ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡಿಯೇ ಮುಂದುವರಿಯಿರಿ. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ವೈರಿನ ಕಡೆ ಅಳೆದರೆ ಒಂದರಲ್ಲಿ 5 ವೋಲ್ಟ್ ಬರಬೇಕು, ಒಂದು ಗ್ರೌಂಡ್ ಇರಬೇಕು. ಈ 5 ವೋಲ್ಟೇ ಇಲ್ಲದಿದ್ದರೆ ವಾಲ್ವಿನ ತಂಟೆಗೆ ಹೋಗಬೇಡಿ, ವೈರಿಂಗ್ ಹುಡುಕಿ. ಎಷ್ಟೋ ಕಾರುಗಳಲ್ಲಿ ಅದೇ 5 ವೋಲ್ಟ್ ಬೇರೆ ಸೆನ್ಸರಿಗೂ ಹಂಚಿಹೋಗಿರುತ್ತದೆ. ಅಲ್ಲೆಲ್ಲೋ ಶಾರ್ಟ್ ಆದರೆ ಇಲ್ಲಿ ಕೋಡ್ ಬೀಳುತ್ತದೆ.

ಕಪ್ಲರ್ ಮತ್ತೆ ಹಾಕಿ ಸಿಗ್ನಲ್ ವೈರಿನ ಹಿಂಬದಿಯಿಂದ ಅಳೆಯಿರಿ. ಮುಚ್ಚಿದಾಗ ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತಿರ, ತೆರೆದಂತೆ ನಾಲ್ಕರತ್ತ ಏರಬೇಕು. ಕೆಲವು ಕಾರುಗಳಲ್ಲಿ ಇದು ತಲೆಕೆಳಗಾಗಿಯೂ ಇರುತ್ತದೆ. ಏರಿಕೆ ನುಣುಪಾಗಿರಲಿ. ನಡುವೆ ಎಲ್ಲೋ ಜಿಗಿದರೆ ಸೆನ್ಸರಿನ ಹಳಿ ಸವೆದಿದೆ. ಮೋಟಾರಿನ ಎರಡು ಪಿನ್ನುಗಳ ನಡುವೆ ಕೆಲವೇ ಓಮ್ ಬಂದರೆ ಸರಿ, ಅನಂತ ತೋರಿಸಿದರೆ ಸುತ್ತು ಕಡಿದಿದೆ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ವಾಲ್ವ್ ಓಡಿಸುವ ಚಪಲ ಬೇಡ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ.

ಕಿವಿಗೂ ಒಂದು ಪರೀಕ್ಷೆ ಇದೆ. ಹಲವು ಕಾರುಗಳಲ್ಲಿ ಕೀ ಆಫ್ ಮಾಡಿದ ಮೇಲೆ ವಾಲ್ವ್ ತನ್ನಷ್ಟಕ್ಕೆ ಪೂರ್ತಿ ತೆರೆದು ಮುಚ್ಚಿಕೊಳ್ಳುತ್ತದೆ, ಸೀಟಿನ ಮಸಿ ಉಜ್ಜಿಹೋಗಲೆಂದು. ಬಾನೆಟ್ ತೆರೆದಿಟ್ಟು ಆಲಿಸಿದರೆ "ಝೂಂ" ಎಂಬ ಸಣ್ಣ ಸದ್ದು ಕೇಳುತ್ತದೆ.

ನನ್ನ ಗಾಡಿ ಹಳೆಯದು, ವ್ಯಾಕ್ಯೂಮ್ ಪೈಪ್ ಇರುವ ವಾಲ್ವ್. ಅದಕ್ಕೆ?

ಅದು ಇನ್ನೂ ಸುಲಭ. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್ ಸಿಕ್ಕಿಸಿ ಎಳೆಯಿರಿ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಡಯಾಫ್ರಾಮ್ ತೂತು. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಎಳೆದರೆ ಸದ್ದು ಬದಲಾಗಬೇಕು, ಎಂಜಿನ್ ಒರಟಾಗಬೇಕು. ಇಲ್ಲದಿದ್ದರೆ ದಾರಿ ಕಟ್ಟಿದೆ. ವಾಲ್ವ್ ಸರಿಯಿದ್ದು ವ್ಯಾಕ್ಯೂಮೇ ಬರುತ್ತಿಲ್ಲವೆಂದರೆ ನಡುವಿನ ಸಾಲನಾಯ್ಡ್ (ವ್ಯಾಕ್ಯೂಮನ್ನು ಬಿಡುವ-ತಡೆಯುವ ವಿದ್ಯುತ್ ಸ್ವಿಚ್ಚು) ಅಥವಾ ಒಣಗಿ ಬಿರಿದ ಸಣ್ಣ ಪೈಪುಗಳು ಕಾರಣ. ಡೀಸೆಲ್ಲಿನಲ್ಲಿ ಇದೇ ವ್ಯಾಕ್ಯೂಮ್ ಬ್ರೇಕ್ ಬೂಸ್ಟರಿಗೂ ಹೋಗುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಇಜಿಆರ್ ವಿಚಾರ ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿ.

ಮಸಿ ಕೂತಿದೆ. ತೊಳೆದರೆ ಸಾಕೇ?

ಬಹುಪಾಲು ಸಾಕು. ಬರೀ ಮಸಿ ಒಣಪುಡಿ. ಎಂಜಿನ್ನಿನ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿನಿಂದ ಬರುವ ಎಣ್ಣೆಯ ಹಬೆ ಅದಕ್ಕೆ ಕೂಡಿದಾಗ ಡಾಂಬರಿನಂಥ ಅಂಟು ಆಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನವೂ ಮೊದಲ-ಎರಡನೇ ಗೇರಿನಲ್ಲೇ ತೆವಳುವ ಗಾಡಿಗೆ ಇದು ಬೇಗ ಬರುತ್ತದೆ, ಹೈವೇಯಲ್ಲಿ ಓಡುವ ಗಾಡಿಗೆ ತಡವಾಗಿ.

ವಾಲ್ವನ್ನು ಬಿಚ್ಚಿಯೇ ತೊಳೆಯಬೇಕು. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಟ್ಟು, ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ. ಮೋಟಾರಿನ ಭಾಗವನ್ನು ದ್ರವದಲ್ಲಿ ಮುಳುಗಿಸಬೇಡಿ. ಸ್ಕ್ರೂಡ್ರೈವರಿನಿಂದ ಸೀಟನ್ನು ಕೆರೆದರೆ ಗೀರು ಬಿದ್ದು ಆಮೇಲೆ ಯಾವತ್ತೂ ಪೂರ್ತಿ ಮುಚ್ಚುವುದಿಲ್ಲ. ಕಾಸ್ಟಿಕ್ ಸೋಡಾ ಮಸಿಯನ್ನು ಚೆನ್ನಾಗಿ ಬಿಡಿಸುತ್ತದೆ ನಿಜ, ಅಲ್ಯೂಮಿನಿಯಮ್ಮನ್ನೂ ಅಷ್ಟೇ ಚೆನ್ನಾಗಿ ತಿನ್ನುತ್ತದೆ. ಹಳೆ ಪ್ಯಾಕಿಂಗ್ ಮತ್ತೆ ಹಾಕುವುದು ಬೇಡ. ಬೋಲ್ಟುಗಳು ಶಾಖಕ್ಕೆ ಕಚ್ಚಿಕೊಂಡಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮುರಿದ ಸ್ಟಡ್ ತೆಗೆಸುವ ಖರ್ಚು ತೊಳೆಯುವ ಖರ್ಚಿಗಿಂತ ಜಾಸ್ತಿ.

ಮರಳಿ ಹಾಕಿದ ಮೇಲೆ ಕೆಲವು ಕಾರುಗಳಲ್ಲಿ ವಾಲ್ವಿನ "ಮುಚ್ಚಿದ ಸ್ಥಾನ"ವನ್ನು ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬೇಕು. ಇದನ್ನು ಬಿಟ್ಟರೆ ಶುಚಿಯಾದ ವಾಲ್ವಿಗೇ ಪಿ0404 ಬರುತ್ತದೆ.

ಎಂಜಿನ್ ಓಡುತ್ತಿರುವಾಗ ಏರ್ ಪೈಪಿನೊಳಗೆ ಸ್ಪ್ರೇ ಹೊಡೆದು "ತೊಳೆಯುವ" ಪದ್ಧತಿ ಡೀಸೆಲ್ ಗಾಡಿಗೆ ನನಗೆ ಒಪ್ಪಿಗೆಯಿಲ್ಲ. ಅದು ಉರಿಯುವ ದ್ರವ. ಡೀಸೆಲ್ ಎಂಜಿನ್ ಸಿಕ್ಕಿದ್ದನ್ನೆಲ್ಲ ಸುಡುತ್ತದೆ, ಹತೋಟಿ ಮೀರಿ ವೇಗ ಏರಬಹುದು. ಗಟ್ಟಿಯಾದ ಕಾರ್ಬನ್ನಿನ ಚೂರು ಕಳಚಿ ಒಳಗೆ ಹೋಗುವ ಭಯ ಬೇರೆ.

ಕೂಲೆಂಟ್ ಕಡಿಮೆಯಾಗುತ್ತಿದೆ, ಎಲ್ಲೂ ಸೋರಿಕೆ ಕಾಣುತ್ತಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರು.

ಹೆಡ್ ಬಿಚ್ಚಿಸುವ ಮೊದಲು ಇಜಿಆರ್ ಕೂಲರ್ ನೋಡಿಸಿ. ಬಿಸಿ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಈ ಸಣ್ಣ ರೇಡಿಯೇಟರಿನ ಒಳಗೋಡೆ ಬಿರುಕು ಬಿಟ್ಟರೆ ಕೂಲೆಂಟ್ ಒಳಗೇ ಸೋರಿ ಎಂಜಿನ್ನಿನಲ್ಲಿ ಆವಿಯಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ಲಕ್ಷಣಗಳೆಲ್ಲ ಹೆಡ್ ಗ್ಯಾಸ್ಕೆಟ್ಟಿನವೇ. ಕೂಲಿಂಗ್ ಸಿಸ್ಟಮ್ಮಿಗೆ ಪ್ರೆಷರ್ ಕೊಟ್ಟು ಬಿಟ್ಟು, ಕೂಲರಿನಿಂದ ವಾಲ್ವಿಗೆ ಹೋಗುವ ಪೈಪ್ ಬಿಚ್ಚಿ ನೋಡಿ. ಮಸಿ ಒಣಗಿರಬೇಕು, ಒದ್ದೆಯಾಗಿದ್ದರೆ ಕೂಲರ್ ಕಳ್ಳ ಎಂದು ಗೊತ್ತಾಯಿತು.

ಇದನ್ನು ಮುಂದೂಡುತ್ತಾ ಕೂಲೆಂಟ್ ಹಾಕಿಕೊಂಡೇ ಓಡಿಸಬಹುದಲ್ಲ ಎಂದು ಕೇಳುವವರು 2018ರ ದಕ್ಷಿಣ ಕೊರಿಯಾವನ್ನು ನೆನೆಯಬೇಕು. ಅಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಹಿಂದೊಂದು ಬೆಂಕಿ ಹೊತ್ತಿ ಉರಿದವು. ಇಜಿಆರ್ ಕೂಲರಿನಿಂದ ಸೋರಿದ ಕೂಲೆಂಟ್ ಮಸಿಯೊಂದಿಗೆ ಕೂಡಿ ಗಟ್ಟಿಯಾಗಿ, ಬಿಸಿ ಹೊಗೆಗೆ ಹೊತ್ತಿಕೊಂಡಿತ್ತು. ಕಂಪನಿ ಅಲ್ಲಿ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು, ಯುರೋಪಿನಲ್ಲೂ ಕರೆಸಿತು.

ಇಷ್ಟೆಲ್ಲ ರಗಳೆ ಯಾಕೆ? ತಗಡು ಹಾಕಿ ಮುಚ್ಚಿಸಿ, ಕೋಡ್ ಬರದಂತೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ (ರೀಮ್ಯಾಪ್) ಬಿಟ್ಟರಾಗದೇ?

ಮಾಡಿಸಿದವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಒಳಗೆ ಮಸಿ ಕೂರುವುದು ನಿಲ್ಲುತ್ತದೆ, ಕಪ್ಪು ಹೊಗೆ ಕಡಿಮೆಯಾಗುತ್ತದೆ. ಎಮಿಷನ್ ಟೆಸ್ಟಿನಲ್ಲೂ ಪಾಸಾಗುತ್ತದೆ, ಏಕೆಂದರೆ ನಮ್ಮಲ್ಲಿ ಡೀಸೆಲ್ ಗಾಡಿಯನ್ನು ರೇಸ್ ಮಾಡಿಸಿ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಅದು ಕಣ್ಣಿಗೂ ಕಾಣುವುದಿಲ್ಲ. ಆದರೆ ಶ್ವಾಸಕೋಶಕ್ಕೆ ತಾಗುತ್ತದೆ, ಬಿಸಿಲಿನಲ್ಲಿ ಓಝೋನ್ ಆಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣದ ಇಎ189 ಎಂಜಿನ್ನಿನಲ್ಲಿ ನಡೆದದ್ದೂ ಇದೇ ಬಗೆಯ ಆಟ: ಪರೀಕ್ಷೆಯ ಹೊತ್ತಿಗೆ ಇಜಿಆರ್ ಪೂರ್ತಿ ದುಡಿಯುತ್ತಿತ್ತು, ರಸ್ತೆಯಲ್ಲಿ ತಗ್ಗಿಸುತ್ತಿತ್ತು. ಕಂಪನಿ ಮಾಡಿದರೆ ಮೋಸ, ನಾವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಗಡು ಕೊಂಡು ಮಾಡಿದರೆ ಜಾಣತನ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮಾಲಿನ್ಯದ ನಿಯಮ ಮೀರಿದ್ದಕ್ಕೆ 10,000 ರೂಪಾಯಿ ತನಕ ದಂಡವೂ ಇದೆ.

ಬಿಎಸ್6 ಗಾಡಿಯಲ್ಲಂತೂ ಕೈಹಾಕಲೇಬೇಡಿ. ಅಲ್ಲಿ ಇಜಿಆರ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಸೆನ್ಸರುಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ ಪದೇ ಪದೇ ತುಂಬುತ್ತಿದೆ. ಅದಕ್ಕೂ ಇಜಿಆರ್‌ಗೂ ಸಂಬಂಧವಿದೆಯೇ?

ಇರಬಹುದು. ವಾಲ್ವ್ ಪೂರ್ತಿ ಮುಚ್ಚದಿದ್ದರೆ ಮಸಿ ಹೆಚ್ಚು ಹುಟ್ಟುತ್ತದೆ, ಡಿಪಿಎಫ್ ಬೇಗ ತುಂಬುತ್ತದೆ, ಮಸಿ ಸುಡಲು ಹೆಚ್ಚುವರಿ ಡೀಸೆಲ್ ಮತ್ತೆ ಮತ್ತೆ ಚಿಮ್ಮುತ್ತದೆ, ಅದರಲ್ಲಿ ಒಂದಿಷ್ಟು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ, ಈ ಸರಪಳಿಯ ಕೊನೆಯ ಕೊಂಡಿ ಅದು.

ಪೆಟ್ರೋಲ್ ಕಾರಿನಲ್ಲೂ ಇಜಿಆರ್ ಇರುತ್ತದೆಯೇ?

ಕೆಲವದರಲ್ಲಿ ಇದೆ. ಹಲವದರಲ್ಲಿ ಪ್ರತ್ಯೇಕ ವಾಲ್ವೇ ಇಲ್ಲ. ಕ್ಯಾಮ್‌ಶಾಫ್ಟಿನ ಟೈಮಿಂಗ್ ಹಿಂದುಮುಂದು ಮಾಡಿ ಸುಟ್ಟ ಗಾಳಿಯನ್ನು ಸಿಲಿಂಡರಿನಲ್ಲೇ ಉಳಿಸಿಕೊಳ್ಳುತ್ತಾರೆ. ಟೊಯೋಟಾ ಪ್ರಿಯಸ್ಸಿನ 2009ರ ಮಾದರಿಯಂಥ ಹೈಬ್ರಿಡ್‌ಗಳಲ್ಲಿ ಕೂಲರ್ ಸಮೇತ ಇಜಿಆರ್ ಇದೆ, ಅದೂ ಮಸಿ ಕಟ್ಟುತ್ತದೆ. ಪರೀಕ್ಷೆ ಸರಳ: ಐಡ್ಲಿಂಗಿನಲ್ಲಿ ವಾಲ್ವ್ ತೆರೆಸಿದರೆ ಎಂಜಿನ್ ಎಡವಬೇಕು ಅಥವಾ ನಿಂತುಹೋಗಬೇಕು, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಪ್ರೆಷರ್ ಅಂಕಿ ಏರಬೇಕು. ಏನೂ ಆಗದಿದ್ದರೆ ದಾರಿ ಕಟ್ಟಿದೆ. ಹಗುರವಾಗಿ ಎಕ್ಸಲರೇಟರ್ ಒತ್ತಿ ಹೋಗುವಾಗ ನಾಕಿಂಗ್ (ಎಂಜಿನ್ನಿನೊಳಗೆ ಬಡಿದಂಥ ಸದ್ದು) ಬಂದರೂ ಇದನ್ನು ಸಂಶಯಿಸಿ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡುತ್ತಿದ್ದೇನೆ. ಇಜಿಆರ್ ಮುಚ್ಚಿಸಿದ್ದಾರೆಯೇ ಎಂದು ಪತ್ತೆ ಮಾಡುವುದು ಹೇಗೆ?

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್ ಲೈಟ್ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬನ್ನೇ ಕಿತ್ತಿದ್ದಾರೆ ಅಥವಾ ಸಾಫ್ಟ್‌ವೇರಿನಲ್ಲಿ ಆರಿಸಿದ್ದಾರೆ. ಇಜಿಆರ್ ಪೈಪಿನ ಜಾಯಿಂಟಿನಲ್ಲಿ ಪ್ಯಾಕಿಂಗಿನ ಅಂಚು ಮಿರಮಿರ ಹೊಳೆಯುವ ಸ್ಟೀಲ್ ಆಗಿದ್ದು, ಸುತ್ತಲಿನ ಬೋಲ್ಟುಗಳ ತಲೆ ಮಾತ್ರ ಹೊಸದಾಗಿ ಸವೆದಿದ್ದರೆ ಅಲ್ಲಿ ತಗಡು ಕೂತಿರಬಹುದು. ಆಮೇಲೆ ಸ್ಕ್ಯಾನರ್ ಚುಚ್ಚಿ ಮೇಲೆ ಹೇಳಿದ ಏರ್‌ಫ್ಲೋ ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೂ, ರೇಸ್ ಮಾಡಿ ಬಿಟ್ಟರೂ ಐಡ್ಲಿಂಗಿನ ಗಾಳಿಯ ಅಂಕಿ 300ರಲ್ಲೇ ಅಲುಗಾಡದೆ ನಿಂತಿದ್ದು, ಒಂದೂ ಕೋಡ್ ಇಲ್ಲವೆಂದರೆ ತಗಡೂ ಇದೆ, ರೀಮ್ಯಾಪೂ ಆಗಿದೆ ಎಂದೇ ತಿಳಿಯಿರಿ. ಕಂಪನಿಯ ಮೂಲ ಸಾಫ್ಟ್‌ವೇರ್ ಮತ್ತೆ ಹಾಕಿಸುವ, ವಾಲ್ವ್ ಮತ್ತು ಕೂಲರ್ ಸರಿಮಾಡಿಸುವ ಖರ್ಚನ್ನು ವಿಚಾರಿಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ.